ನೀಲಿ ಪರದೆ, ಬ್ಲ್ಯಾಕ್‌ಟೌನ್ ಮತ್ತು ಮೂರು ದಿನದ ಫೋನು

ಕಳೆದ ಸಂಚಿಕೆಯ ಈ ಅಂಕಣದಲ್ಲಿ, ಊರಿಂದ ಬರುವಾಗ ಬ್ಯಾಗಿನಲ್ಲಿ ಯಾವ ಮಾತ್ರೆ ತರಬಹುದು, ಯಾವುದಕ್ಕೆ ವೈದ್ಯರ ಚೀಟಿ ಜೊತೆಗಿರಬೇಕು ಎಂದು ಬರೆದಿದ್ದೆವು. ಓದಿದ ಹಲವರು ಫೋನ್ ಮಾಡಿ ವಿಚಾರಿಸಿದರು, ಸಂತೋಷ. ಈ ಸಲವೂ ಔಷಧದ ಬಗ್ಗೆಯೇ ಬರೆಯಿರಿ ಎಂದು ಸಂಪಾದಕರು ಹೇಳಿದ್ದರು. ಆದರೆ ನಾವು ಕಂಪ್ಯೂಟರಿನ ಬಗ್ಗೆ ಬರೆಯುತ್ತಿದ್ದೇವೆ. ಓದಿದ್ದು ಫಾರ್ಮಸಿ ಡಿಪ್ಲೊಮಾ, ಕಂಪ್ಯೂಟರ್ ಇಂಜಿನಿಯರಿಂಗ್ ಅಲ್ಲ. ಬಲ್ಲವರು ತಪ್ಪು ಕಂಡರೆ ರಾಜ್ಯೋತ್ಸವದ ಊಟದ ಸಾಲಿನಲ್ಲಿ ಸಿಕ್ಕಾಗ ತಿದ್ದಬಹುದು.

ನಮ್ಮ ಮಗಳು ಸಿಡ್ನಿಯ ಪಶ್ಚಿಮಕ್ಕಿರುವ ಬ್ಲ್ಯಾಕ್‌ಟೌನ್‌ನಲ್ಲಿ ಇದ್ದುಕೊಂಡು ಆರ್ಕಿಟೆಕ್ಚರ್ ಓದುತ್ತಿದ್ದಾಳೆ. ಊರಲ್ಲಿ ಅವಳ ಅಜ್ಜಿ ಆ ಹೆಸರು ಕೇಳಿ "ಅದೆಂತ ಹೆಸರು ಮಾರಾಯ್ತಿ" ಅಂದಿದ್ದರು. ಮೂಲನಿವಾಸಿಗಳ ಮಕ್ಕಳನ್ನು ಮನೆಯಿಂದ ದೂರ ಇಟ್ಟು ಕಲಿಸಲು ಬ್ರಿಟಿಷ್ ಆಡಳಿತ ಪ್ಯಾರಮ್ಯಾಟಾದಲ್ಲಿ ಒಂದು ಶಾಲೆ ನಡೆಸುತ್ತಿತ್ತು. 1823ರಲ್ಲಿ ಅದನ್ನು ಈ ಕಡೆಗೆ ಸಾಗಿಸಿದರು. ಊರಿನ ಹೆಸರಿನ ಹಿಂದೆ ಇರುವುದು ಆ ಕಥೆ, ಹೇಳುವಷ್ಟು ಚಂದದ್ದಲ್ಲ. ಇವತ್ತು ಅಲ್ಲಿ ನಮ್ಮವರು, ಫಿಲಿಪಿನೋಗಳು, ಎಲ್ಲರೂ ಇದ್ದಾರೆ. ಕರಿಬೇವು, ಕೊಬ್ಬರಿ ಎಣ್ಣೆಗೆ ಅಲೆಯಬೇಕಾಗಿಲ್ಲ. ವಿದ್ಯಾರ್ಥಿ ವೀಸಾದಲ್ಲಿ ಇರುವವರು ತರಗತಿ ನಡೆಯುವ ದಿನಗಳಲ್ಲಿ ಎರಡು ವಾರಕ್ಕೆ 48 ಗಂಟೆ ಮೀರಿ ಕೆಲಸ ಮಾಡುವ ಹಾಗಿಲ್ಲ. ಅವಳು ಅಷ್ಟರೊಳಗೆ ಒಂದು ಅಂಗಡಿಯಲ್ಲಿ ಸಂಜೆಯ ಕೆಲಸ ಮಾಡಿ ಬಾಡಿಗೆಯ ಪಾಲು ಕೊಡುತ್ತಾಳೆ. ಕಾಲೇಜಿನ ಫೀಸು ನಮ್ಮದು. ಕೊಲ್ಲಿಯಲ್ಲಿ ಇದ್ದು ಮಕ್ಕಳನ್ನು ಹೊರಗೆ ಓದಿಸುವವರಿಗೆ ಇದರ ಲೆಕ್ಕ ಬಿಡಿಸಿ ಹೇಳುವುದು ಬೇಡ.

2024ರ ಜುಲೈಯಲ್ಲಿ ಒಂದು ಸಣ್ಣ ಆರ್ಕಿಟೆಕ್ಟ್ ಕಚೇರಿಯಲ್ಲಿ ಅವಳಿಗೆ ವಾರಕ್ಕೆ ಎರಡು ದಿನದ ಕೆಲಸ ಸಿಗುವ ಅವಕಾಶ ಬಂತು. ಅಂಗಡಿಯಲ್ಲಿ ಹಾಲಿನ ಡಬ್ಬ ಜೋಡಿಸುವುದಕ್ಕಿಂತ ಓದಿದ್ದಕ್ಕೆ ಸಂಬಂಧಪಟ್ಟ ಕೆಲಸ. ತಾನು ಮಾಡಿದ ಮನೆಗಳ ಚಿತ್ರಗಳ ಒಂದು ಕಡತವನ್ನು 22ನೇ ತಾರೀಕು ಸೋಮವಾರ ಬೆಳಗ್ಗೆ 9 ಗಂಟೆಯೊಳಗೆ ಕಳಿಸಬೇಕಿತ್ತು. ಚಿತ್ರ ಅಂದರೆ ಕೈಯಲ್ಲಿ ಬರೆದದ್ದಲ್ಲ. ಗೋಡೆ, ಕಿಟಕಿ, ಬಿಸಿಲು, ನೆರಳು ಎಲ್ಲ ಲೆಕ್ಕ ಹಾಕಿ ಕಂಪ್ಯೂಟರ್ ತಯಾರಿಸುವ ಚಿತ್ರ. ಅದಕ್ಕೆ ರೆಂಡರಿಂಗ್ ಎನ್ನುತ್ತಾರಂತೆ. ಅದರ ಭಾರವೆಲ್ಲ ಬೀಳುವುದು ಗ್ರಾಫಿಕ್ಸ್ ಕಾರ್ಡಿನ ಮೇಲೆ. ಅವಳ ಕಂಪ್ಯೂಟರ್ ಅಲ್ಲೇ ಯಾರದೋ ಮನೆಯಿಂದ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ನಾವು ಆಗಲೇ ಬೇಡ ಅಂದಿದ್ದೆವು.

ಜುಲೈ 19, ಶುಕ್ರವಾರ. ನಮ್ಮಲ್ಲಿ ಬೆಳಗ್ಗೆ ಒಂಬತ್ತೂವರೆ, ಅವಳಲ್ಲಿ ಮಧ್ಯಾಹ್ನ ಮೂರೂವರೆ. ನಮ್ಮ ಮನೆಯವರು ನೀರುದೋಸೆ ಹುಯ್ಯುತ್ತಿದ್ದರು. ಫೋನ್ ಬಂತು.

"ಅಪ್ಪಾ, ನನ್ನ ಕಂಪ್ಯೂಟರ್ ನೀಲಿ ಆಗಿ ಸತ್ತಿತು. ಇಲ್ಲಿ ಎಲ್ಲ ಕಡೆಯೂ ಹಾಗೇ ಆಗಿದೆಯಂತೆ. ಟಿವಿಯಲ್ಲಿ ಅದೇ ಸುದ್ದಿ."

ಆ ದಿನ ನಿಮಗೂ ನೆನಪಿರಬಹುದು. ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಕಂಪನಿಯ ಫಾಲ್ಕನ್ ಎಂಬ ಭದ್ರತಾ ತಂತ್ರಾಂಶಕ್ಕೆ ಸಿಡ್ನಿ ಸಮಯ ಮಧ್ಯಾಹ್ನ 2 ಗಂಟೆ 9 ನಿಮಿಷಕ್ಕೆ ಒಂದು ಅಪ್‌ಡೇಟ್ ಹೋಯಿತು. ಅದರಲ್ಲಿದ್ದ ಒಂದು ಕಡತ ಕೆಟ್ಟಿತ್ತು. 78 ನಿಮಿಷದಲ್ಲಿ ಹಿಂದೆಗೆದುಕೊಂಡರೂ ಅಷ್ಟರಲ್ಲಿ ಪ್ರಪಂಚದಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿಯಾಗಿದ್ದವು ಎಂದು ಆಮೇಲೆ ಮೈಕ್ರೋಸಾಫ್ಟ್ ಅಂದಾಜು ಹೇಳಿತು. ಅಮೆರಿಕದಲ್ಲಿ ನಡುರಾತ್ರಿ, ಆಸ್ಟ್ರೇಲಿಯಾದಲ್ಲಿ ಕಚೇರಿ ನಡೆಯುತ್ತಿದ್ದ ಹೊತ್ತು. ಹಾಗಾಗಿ ಮೊದಲು ಗದ್ದಲ ಎದ್ದದ್ದು ಅಲ್ಲಿ. ಸಿಡ್ನಿ ವಿಮಾನ ನಿಲ್ದಾಣ, ಎಬಿಸಿ ಟಿವಿ, ಸೂಪರ್ ಮಾರ್ಕೆಟ್ಟಿನ ಬಿಲ್ಲಿನ ಯಂತ್ರ, ಎಲ್ಲ ಕಡೆಯೂ ತೊಂದರೆ.

ನಾವೂ ಟಿವಿ ಹಾಕಿ ನೋಡಿದೆವು. "ಹಾಗಾದರೆ ನಿನ್ನದೂ ಅದೇ. ಅವರು ಸರಿ ಮಾಡುತ್ತಾರೆ, ಸುಮ್ಮನೆ ಕೂತುಕೋ" ಎಂದು ಹೇಳಿದೆವು. ಮೊದಲ ತಪ್ಪು ಇಲ್ಲೇ. ಊರಲ್ಲಿ ಡೆಂಗ್ಯೂ ಹರಡಿದೆ ಎಂದು ಬಂದ ಜ್ವರವೆಲ್ಲ ಡೆಂಗ್ಯೂ ಆಗುವುದಿಲ್ಲ. ಇದನ್ನು ಕೌಂಟರಿನಲ್ಲಿ ನಿಂತು ಬೇರೆಯವರಿಗೆ ಹೇಳುವವರು ನಾವೇ.

ಆ ಫಾಲ್ಕನ್ ದೊಡ್ಡ ಸಂಸ್ಥೆಗಳು ದುಡ್ಡು ಕೊಟ್ಟು ಹಾಕಿಸಿಕೊಳ್ಳುವ ತಂತ್ರಾಂಶ. ವಿದ್ಯಾರ್ಥಿಯ ಕೋಣೆಯ ಕಂಪ್ಯೂಟರಿನಲ್ಲಿ ಅದು ಯಾಕೆ ಇರುತ್ತದೆ? ಇನ್ನೊಂದು ವ್ಯತ್ಯಾಸವೂ ಇತ್ತು. ಅದು ತಗುಲಿದ ಕಂಪ್ಯೂಟರುಗಳು ಪೂರ್ತಿ ಆರಂಭವಾಗುವ ಮುಂಚೆಯೇ ನೀಲಿಯಾಗಿ, ತಾವಾಗಿ ಮತ್ತೆ ಶುರುವಾಗಿ, ಮತ್ತೆ ನೀಲಿಯಾಗುತ್ತಿದ್ದವು. ಮಗಳ ಕಂಪ್ಯೂಟರ್ ಸರಿಯಾಗಿ ಏಳುತ್ತಿತ್ತು, ಹಾಡು ಹಾಡುತ್ತಿತ್ತು. ರೆಂಡರಿಂಗ್ ಶುರು ಮಾಡಿ ಇಪ್ಪತ್ತು ಮೂವತ್ತು ನಿಮಿಷವಾದ ಮೇಲೆ ಸಾಯುತ್ತಿತ್ತು. ಇದು ನಮ್ಮ ತಲೆಗೆ ಹೋಗುವಾಗ ಅಲ್ಲಿ ರಾತ್ರಿ ಎಂಟು ಗಂಟೆ. ಅರ್ಧ ದಿನ ಹೋಯಿತು.

ನೀಲಿ ಪರದೆಯಲ್ಲಿ ಕೆಳಗೆ ಸಣ್ಣ ಅಕ್ಷರದಲ್ಲಿ ಸ್ಟಾಪ್ ಕೋಡ್ ಎಂದು ಬರೆದಿರುತ್ತದೆ. ಹೆಚ್ಚಿನವರು ಗಾಬರಿಯಲ್ಲಿ ಅದನ್ನು ಓದುವುದಿಲ್ಲ. ಓದುವಷ್ಟರಲ್ಲಿ ಕಂಪ್ಯೂಟರ್ ತಾನೇ ಮತ್ತೆ ಶುರುವಾಗುತ್ತದೆ. ಮೊಬೈಲಿನಲ್ಲಿ ಫೋಟೋ ಹೊಡೆದು ಕಳಿಸು ಎಂದೆವು. ಬಂದ ಫೋಟೋದಲ್ಲಿ "ವಿಡಿಯೋ ಟಿಡಿಆರ್ ಫೇಲ್ಯೂರ್" ಎಂದಿತ್ತು. ಕ್ರೌಡ್‌ಸ್ಟ್ರೈಕಿಗೂ ಅದಕ್ಕೂ ಸಂಬಂಧವೇ ಇಲ್ಲ.

ನಮಗೆ ತಿಳಿದಷ್ಟು ಹೇಳುತ್ತೇವೆ. ಪರದೆಯ ಮೇಲೆ ಕಾಣುವುದನ್ನೆಲ್ಲ ಬಿಡಿಸುವುದು ಗ್ರಾಫಿಕ್ಸ್ ಚಿಪ್. ಅದಕ್ಕೂ ವಿಂಡೋಸಿಗೂ ನಡುವೆ ಮಾತು ಹೇಳುವವನು ಡ್ರೈವರ್ ಎಂಬ ತಂತ್ರಾಂಶ. ವಿಂಡೋಸ್ ಒಂದು ಕೆಲಸ ಕೊಟ್ಟು ಕಾಯುತ್ತದೆ. ಮಾಮೂಲಿಯಾಗಿ 2 ಸೆಕೆಂಡ್. ಅಷ್ಟರಲ್ಲಿ ಚಿಪ್ ಕಡೆಯಿಂದ ಸುದ್ದಿ ಇಲ್ಲದಿದ್ದರೆ ಅದು ಸಿಕ್ಕಿಹಾಕಿಕೊಂಡಿದೆ ಎಂದು ತಿಳಿದು ಅದನ್ನೂ ಡ್ರೈವರನ್ನೂ ಮತ್ತೆ ಎಬ್ಬಿಸಲು ನೋಡುತ್ತದೆ. ಎದ್ದರೆ ನಮಗೆ ಪರದೆ ಒಂದು ಕ್ಷಣ ಕಪ್ಪಾಗಿ ಮರಳಿ ಬಂದಂತೆ ಕಾಣುತ್ತದೆ. ಏಳದಿದ್ದರೆ, ಮುಂದೆ ಹೋದರೆ ಕಡತಗಳು ಹಾಳಾದಾವು ಎಂದು ವಿಂಡೋಸ್ ತಾನೇ ಎಲ್ಲವನ್ನೂ ನಿಲ್ಲಿಸುತ್ತದೆ. ಅದೇ ಈ ನೀಲಿ ಪರದೆ. ಈ ವ್ಯವಸ್ಥೆ ವಿಂಡೋಸ್ ವಿಸ್ಟಾ ಕಾಲದಿಂದ ಇದೆ. ಅಂದರೆ ಕಂಪ್ಯೂಟರ್ ಹಾಳಾಗಲಿಲ್ಲ, ಹಾಳಾಗಬಾರದೆಂದು ನಿಂತಿತು. ಆದರೆ ಚಿಪ್ ಯಾಕೆ ಉತ್ತರ ಕೊಡಲಿಲ್ಲ ಎಂಬುದನ್ನು ಆ ಕೋಡ್ ಹೇಳುವುದಿಲ್ಲ. ಜ್ವರ 102 ಎಂದು ಥರ್ಮಾಮೀಟರ್ ಹೇಳಿದ ಹಾಗೆ.

ಡ್ರೈವರ್ ಕೆಟ್ಟಿರಬಹುದು, ಚಿಪ್ ಬಿಸಿಯಾಗಿರಬಹುದು, ಕರೆಂಟ್ ಸಾಲದಿರಬಹುದು, ಕಾರ್ಡೇ ಸಾಯುತ್ತಿರಬಹುದು, ಕೆಲವೊಮ್ಮೆ ರ್‍ಯಾಮ್ ಕೂಡ ಇಂಥ ಆಟ ಆಡುತ್ತದೆ. ಹೆಚ್ಚಿನ ಸಲ ಡ್ರೈವರಿನದ್ದೇ ತಪ್ಪು ಎಂದು ಎಲ್ಲರೂ ಹೇಳುತ್ತಾರೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ವಿಸ್ಟಾ ಹೊಸದಾಗಿ ಬಂದ ಕಾಲದ ಮೈಕ್ರೋಸಾಫ್ಟಿನ ಒಳಗಿನ ಪತ್ರಗಳು ಅಮೆರಿಕದ ಒಂದು ಮೊಕದ್ದಮೆಯಲ್ಲಿ ಹೊರಗೆ ಬಂದಿದ್ದವು. 2007ರಲ್ಲಿ ದಾಖಲಾದ ಕ್ರ್ಯಾಶ್‌ಗಳಲ್ಲಿ ನೂರಕ್ಕೆ 28ಕ್ಕಿಂತ ಹೆಚ್ಚು ಎನ್‌ವಿಡಿಯಾ ಒಂದರ ಡ್ರೈವರಿನಿಂದಲೇ ಎಂದು ಅದರಲ್ಲಿತ್ತು.

ಹಾಗಾಗಿ ನಾವು ಡ್ರೈವರನ್ನು ಹಿಡಿದೆವು. ಶುಕ್ರವಾರ ರಾತ್ರಿ ಹೊಸ ಡ್ರೈವರ್ ಹಾಕಿಸಿದೆವು. ಅರ್ಧ ಗಂಟೆಗೆ ನೀಲಿ. ಶನಿವಾರ ಬೆಳಗ್ಗೆ ಡಿವೈಸ್ ಮ್ಯಾನೇಜರಿಗೆ ಹೋಗಿ ರೋಲ್ ಬ್ಯಾಕ್ ಕೊಟ್ಟು ಹಳೆಯದಕ್ಕೆ ಹಿಂತಿರುಗಿಸಿದೆವು. ನೀಲಿ. ಆಮೇಲೆ ಸೇಫ್ ಮೋಡಿನಲ್ಲಿ ತೆರೆದು, ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎಂಬ ಉಚಿತ ತಂತ್ರಾಂಶದಿಂದ ಹಳೆಯ ಡ್ರೈವರಿನ ಬೇರು ಸಮೇತ ಕಿತ್ತು, ಕಾರ್ಡಿನ ಕಂಪನಿಯ ತಾಣದಿಂದಲೇ ಇಳಿಸಿಕೊಂಡು ಹೊಸದಾಗಿ ಹಾಕಿಸಿದೆವು. ಇದು ಒಳ್ಳೆಯ ಕ್ರಮವೇ, ನೀವೂ ಮಾಡಬಹುದು. ಮಾಡುವಾಗ ಇಂಟರ್‌ನೆಟ್ ತಪ್ಪಿಸಿಡಬೇಕು, ಇಲ್ಲದಿದ್ದರೆ ವಿಂಡೋಸ್ ನಡುವೆ ನುಗ್ಗಿ ತನ್ನದೇ ಡ್ರೈವರ್ ಹಾಕಿಬಿಡುತ್ತದೆ. ಈ ಸಲ ನಲವತ್ತು ನಿಮಿಷ ಓಡಿತು. ನಾವು ಗೆದ್ದೆವು ಅಂದುಕೊಂಡೆವು. ನೀಲಿ.

ಅಲ್ಲಿಗೆ ನಮ್ಮ ತಾಳ್ಮೆ ಮುಗಿಯಿತು. "ಸೆಕೆಂಡ್ ಹ್ಯಾಂಡ್ ಬೇಡ ಅಂತ ಹೇಳಿದ್ದೆವಲ್ಲ. ಮಾರಿದವನಿಗೆ ಫೋನ್ ಮಾಡು" ಎಂದು ಜೋರು ಮಾಡಿದೆವು. ಮಾರಿದವ ಫೋನ್ ಎತ್ತಲಿಲ್ಲ. ಹೊಸ ಲ್ಯಾಪ್‌ಟಾಪ್ ತೆಗೆದುಕೋ, ಹಣ ಕಳಿಸುತ್ತೇವೆ ಎಂದೂ ಹೇಳಿದೆವು. ತಿಂಗಳ ಇಪ್ಪತ್ತನೇ ತಾರೀಕು, ಯಾವ ಹಣ ಎಂದು ನಮಗೂ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು.

"ಅಪ್ಪಾ, ನಿನ್ನೆಯಿಂದ ನೀವು ಹೇಳಿದ್ದೇ ಮಾಡ್ತಾ ಇದ್ದೇನೆ. ನನ್ನ ಹತ್ರ ಒಂದು ಪ್ರಶ್ನೆ ಕೂಡ ಕೇಳಲಿಲ್ಲ ನೀವು" ಎಂದು ಹೇಳಿ ಫೋನ್ ಇಟ್ಟಳು.

ಮನೆಯವರು ನಮ್ಮ ಮುಖ ನೋಡಿದರು, ಏನೂ ಹೇಳಲಿಲ್ಲ. ಹೇಳಿದ್ದರೆ ವಾಸಿ ಇತ್ತು.

ಭಾನುವಾರ ಬೆಳಗ್ಗೆ ನಮ್ಮ ಆಸ್ಪತ್ರೆಯ ಐಟಿ ವಿಭಾಗದ ಮಲಯಾಳಿ ಗೆಳೆಯನೊಬ್ಬನಿಗೆ ಫೋನ್ ಮಾಡಿದೆವು. ಶುಕ್ರವಾರದ ಗಲಾಟೆಯಲ್ಲಿ ನಿದ್ದೆ ಕೆಟ್ಟಿದ್ದ ಮನುಷ್ಯ. ನಾವು ಮಾಡಿದ್ದನ್ನೆಲ್ಲ ಹೇಳಿಕೊಂಡೆವು. ಅವನು ಕೇಳಿದ್ದು ಎರಡೇ ಮಾತು. ಇದು ಯಾವತ್ತಿನಿಂದ? ಅದರ ಹಿಂದಿನ ವಾರ ಏನು ಬದಲಾಯಿತು?

ನಮಗೆ ನಾಚಿಕೆಯಾಯಿತು. ಮೈಮೇಲೆ ದದ್ದು ಎದ್ದಿದೆ ಎಂದು ಯಾರಾದರೂ ಕಿಟಕಿಗೆ ಬಂದರೆ ನಾವು ಮೊದಲು ಕೇಳುವುದು ಇದನ್ನೇ. ಯಾವಾಗಿನಿಂದ, ಹೊಸದಾಗಿ ಏನು ತಿಂದಿರಿ, ಯಾವ ಮಾತ್ರೆ ಶುರು ಮಾಡಿದಿರಿ. ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇವೆ. ಸ್ವಂತ ಮಗಳಿಗೆ ಮಾತ್ರ ಕೇಳದೆ ಮದ್ದು ಕೊಟ್ಟೆವು, ಅದೂ ಒಂದರ ಮೇಲೊಂದು.

ಮತ್ತೆ ಫೋನ್ ಮಾಡಿದೆವು. ತಪ್ಪಾಯಿತು ಎಂದು ಹೇಳಿದೆವು. ಆಮೇಲೆ ಕೇಳಿದೆವು. ಅವಳು ಯೋಚಿಸಿ ಹೇಳಿದಳು: ಮನೆ ಬದಲಾಯಿಸಿ ಹತ್ತು ದಿನ ಆಗಿತ್ತು. ಪಕ್ಕದ ಸೆವೆನ್ ಹಿಲ್ಸ್‌ನಿಂದ ಬ್ಲ್ಯಾಕ್‌ಟೌನಿಗೆ. ಗೆಳತಿಯ ಕಾರಿನ ಡಿಕ್ಕಿಯಲ್ಲಿ ಕಂಪ್ಯೂಟರನ್ನು ಅಡ್ಡ ಮಲಗಿಸಿ, ಮೇಲೆ ಅಕ್ಕಿ ಚೀಲ ಇಟ್ಟು ತಂದಿದ್ದರು. ಹೊಸ ಮನೆಯಲ್ಲಿ ಇದೇ ಮೊದಲ ಸಲ ದೊಡ್ಡ ರೆಂಡರಿಂಗ್ ಹಾಕಿದ್ದು.

ಗೆಳೆಯ ಇದನ್ನು ಕೇಳಿ, ಮೊದಲು ಕಾರ್ಡ್ ತೆಗೆದು ನೋಡಲಿ ಎಂದ. ಮೂರು ಕಡೆಯಿಂದ ವಿಡಿಯೋ ಕಾಲ್. ಮಗಳು ಮೊಬೈಲನ್ನು ಕುಕ್ಕರಿಗೆ ಒರಗಿಸಿ ನಿಲ್ಲಿಸಿದಳು. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಆಮೇಲೆ ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದಳು. ಒಳಗೆ ಉಳಿದ ಕರೆಂಟ್ ಇಳಿಯುವುದಕ್ಕೆ. ಪೆಟ್ಟಿಗೆಯ ಬರಿ ಲೋಹದ ಭಾಗವನ್ನು ಕೈಯಲ್ಲಿ ಮುಟ್ಟಿದಳು. ಜುಲೈಯಲ್ಲಿ ಅಲ್ಲಿ ಚಳಿಗಾಲ, ಮೈಮೇಲೆ ಉಣ್ಣೆ ಸ್ವೆಟರ್. ಸ್ವೆಟರಿನಿಂದ ಹುಟ್ಟುವ ಸಣ್ಣ ಕಿಡಿಯೂ ಚಿಪ್ಪಿಗೆ ಸಾಕು ಎಂದು ಗೆಳೆಯ ಅದನ್ನು ತೆಗೆಸಿದ. ಪಕ್ಕದ ಮುಚ್ಚಳ ತೆಗೆದು ಟಾರ್ಚ್ ಹಾಕಿದಾಗ ನಮಗೇ ಕಂಡಿತು. ಕಾರ್ಡಿನ ಹಿಂಬದಿ ಕೆಳಗೆ ಜೋತು ಬಿದ್ದಿತ್ತು. ಎರಡು ಸ್ಕ್ರೂ ಇರಬೇಕಾದಲ್ಲಿ ಒಂದೇ ಇತ್ತು, ಅದೂ ಸಡಿಲ. ಸ್ಲಾಟಿನ ತುದಿಯಲ್ಲಿರುವ ಪ್ಲಾಸ್ಟಿಕ್ ಕೊಂಡಿ ಬಿಟ್ಟುಕೊಂಡಿತ್ತು. ಕಾರ್ಡ್ ಅರ್ಧ ಮಾತ್ರ ಒಳಗೆ ಕೂತಿತ್ತು. ತಣ್ಣಗಿರುವಾಗ ಹೇಗೋ ತಾಗಿಕೊಂಡು ಕೆಲಸ ಮಾಡುತ್ತಿತ್ತು, ಬಿಸಿಯಾಗಿ ಲೋಹ ಹಿಗ್ಗಿದ ಮೇಲೆ ಸಂಪರ್ಕ ತಪ್ಪುತ್ತಿತ್ತು ಎಂದು ಗೆಳೆಯನ ಲೆಕ್ಕ. ಜೊತೆಗೆ ಫ್ಯಾನಿನ ಹಿಂದೆ ಕಂಬಳಿಯ ಹಾಗೆ ಧೂಳು.

ಕೂಡಲೇ ಹಾಕಿ ನೋಡಲಿಲ್ಲ. ಕಾರ್ಡ್ ಹೊರಗಿಟ್ಟು, ಮಾನಿಟರಿನ ಕೇಬಲನ್ನು ಮದರ್‌ಬೋರ್ಡಿಗೆ ಸಿಕ್ಕಿಸಿ ಒಂದು ಗಂಟೆ ಓಡಿಸಿದೆವು. ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇದ್ದರೆ ಹೀಗೆ ಮಾಡಬಹುದು. ಇಂಟೆಲ್ ಪ್ರೊಸೆಸರಿನ ಹೆಸರು ಎಫ್ ಅಕ್ಷರದಲ್ಲಿ ಮುಗಿದರೆ ಅದರಲ್ಲಿ ಇರುವುದಿಲ್ಲ. ನಿಧಾನವಾದರೂ ನೀಲಿಯಾಗಲಿಲ್ಲ. ಅಂದರೆ ರ್‍ಯಾಮಿಗೆ, ವಿಂಡೋಸಿಗೆ ದೋಷ ಇಲ್ಲದಿರುವ ಸಾಧ್ಯತೆಯೇ ಹೆಚ್ಚು, ಕಾರ್ಡಿನ ಕಡೆಯದ್ದೇ ತೊಂದರೆ. ಒಂದೊಂದೇ ಬದಲಾಯಿಸಿ ನೋಡುವುದರ ಪ್ರಯೋಜನ ಇದು. ನಾವು ಶನಿವಾರ ಇದನ್ನೇ ಮಾಡಿದ್ದರೆ ಹೊಸ ಲ್ಯಾಪ್‌ಟಾಪಿನ ಮಾತೇ ಬರುತ್ತಿರಲಿಲ್ಲ.

ಕಾರ್ಡಿನ ಚಿನ್ನದ ಬಣ್ಣದ ಹಲ್ಲುಗಳನ್ನು ಒರೆಸಬೇಕಿತ್ತು. ಇಲ್ಲಿ ಮಾತ್ರ ನಮ್ಮ ಓದು ಉಪಯೋಗಕ್ಕೆ ಬಂತು. ಅವಳ ಬಳಿ ಇಂಜೆಕ್ಷನ್ನಿಗೆ ಮುಂಚೆ ಚರ್ಮ ಒರೆಸುವ ಸ್ಪಿರಿಟ್ ತುಂಡುಗಳಿದ್ದವು, ನಾವೇ ಕಳಿಸಿದ್ದು. ಅದರಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ 70 ಭಾಗ, ಉಳಿದದ್ದು ನೀರು. ಕ್ರಿಮಿ ಕೊಲ್ಲಲು ಆ ನೀರು ಬೇಕು, 70ರದ್ದು 99ರದ್ದಕ್ಕಿಂತ ಚೆನ್ನಾಗಿ ಕೊಲ್ಲುತ್ತದೆ. ಆದರೆ ಕಂಪ್ಯೂಟರಿಗೆ ನೀರು ಬೇಡ, ಬೇಗ ಆರುವ 99 ಭಾಗದ್ದೇ ಬೇಕು. ಭಾನುವಾರ ತೆರೆದಿದ್ದ ಹಾರ್ಡ್‌ವೇರ್ ಅಂಗಡಿಯಿಂದ ಒಂದು ಬಾಟಲಿ, ಒಂದು ಪ್ಯಾಕೆಟ್ ಸ್ಕ್ರೂ ತಂದಳು. ಹಲ್ಲು ಒರೆಸಿ, ಬ್ರಷ್ಷಿನಿಂದ ಧೂಳು ತೆಗೆದು, ಟಕ್ ಎಂದು ಶಬ್ದ ಬರುವವರೆಗೆ ಒತ್ತಿ ಕೂರಿಸಿ, ಎರಡೂ ಸ್ಕ್ರೂ ಬಿಗಿದು, ಪವರ್ ಕೇಬಲ್ ಗಟ್ಟಿಯಾಗಿ ಸಿಕ್ಕಿಸಿದಳು. ಧೂಳು ತೆಗೆಯುವಾಗ ಫ್ಯಾನನ್ನು ಬೆರಳಿನಿಂದ ಹಿಡಿದುಕೊಂಡಿರಬೇಕು. ಗಾಳಿ ಊದಿ ಗಿರಗಿರ ತಿರುಗಿಸಿದರೆ ಅದರ ಬೇರಿಂಗ್ ಹೋಗುತ್ತದೆ.

ಅಲ್ಲಿ ಸಂಜೆ ಆರಕ್ಕೆ ರೆಂಡರಿಂಗ್ ಹಾಕಿದಳು. ಟಾಸ್ಕ್ ಮ್ಯಾನೇಜರಿನಲ್ಲಿ ಕಾರ್ಡಿನ ಉಷ್ಣತೆ ನೋಡಿ ಅರ್ಧ ಗಂಟೆಗೊಮ್ಮೆ ಮೆಸೇಜ್ ಕಳಿಸುತ್ತಿದ್ದಳು. 71. 73. 74. 74. ಐಸಿಯುವಿನ ಚಾರ್ಟ್ ನೋಡಿದಂತೆ ನಾವಿಬ್ಬರೂ ಅದನ್ನೇ ನೋಡುತ್ತಾ ಕೂತೆವು. ಸೋಮವಾರ ಅವಳಲ್ಲಿ ಬೆಳಗ್ಗೆ 8 ಗಂಟೆ 50 ನಿಮಿಷಕ್ಕೆ, ನಮ್ಮಲ್ಲಿ ನಸುಕಿನ 2 ಗಂಟೆ 50 ನಿಮಿಷಕ್ಕೆ, "ಕಳಿಸಿದೆ" ಎಂದು ಬಂತು. ಹನ್ನೆರಡು ಚಿತ್ರದಲ್ಲಿ ಒಂಬತ್ತು ಮಾತ್ರ ಮುಗಿದಿತ್ತು. ಆ ಕೆಲಸ ಅವಳಿಗೆ ಸಿಗಲಿಲ್ಲ. ಮೂರು ಚಿತ್ರ ಕಡಿಮೆಯಾದದ್ದಕ್ಕೋ ಬೇರೆ ಕಾರಣಕ್ಕೋ, ನಾವು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಕಂಪ್ಯೂಟರ್ ಮಾತ್ರ ಅವತ್ತಿನಿಂದ ನೀಲಿಯಾಗಿಲ್ಲ.

ಇಲ್ಲಿ ಕೊಲ್ಲಿಯಲ್ಲಿರುವ ನಮಗೂ ಇದರಲ್ಲಿ ಕೆಲವು ಮಾತುಗಳಿವೆ. ಮರಳು ಗಾಳಿ ಬೀಸಿದ ಮಾರನೇ ದಿನ ಎಸಿಯ ಫಿಲ್ಟರ್ ತೊಳೆಯುವ ನಾವು ಕಂಪ್ಯೂಟರ್ ಮುಚ್ಚಳ ತೆಗೆಯುವುದೇ ಇಲ್ಲ. ಬಿಸಿಲಲ್ಲಿ ಎಸಿ ಆರಿಸಿ ಕೆಲಸಕ್ಕೆ ಹೋಗುವ ಕೋಣೆಯಲ್ಲಿ ಕಂಪ್ಯೂಟರನ್ನು ಓಡಲು ಬಿಟ್ಟು ಹೋಗಬೇಡಿ. ಬ್ಲ್ಯಾಕ್‌ಟೌನ್ ಕಡೆಯೂ ಬೇಸಿಗೆ ಕಡಿಮೆ ಏನಲ್ಲ, ಪಕ್ಕದ ಪೆನ್ರಿತ್‌ನಲ್ಲಿ 2020ರ ಜನವರಿ 4ರಂದು 48.9 ಡಿಗ್ರಿ ಆಗಿತ್ತು. ಊರಿಗೆ ವಾಪಸ್ ಹೋಗುವವರಿಂದ ಕಂಪ್ಯೂಟರ್ ಕೊಳ್ಳುವಾಗ ಕಾರ್ಡ್ ಯಾವ ಕೆಲಸಕ್ಕೆ ಬಳಸಿದ್ದು ಎಂದು ಕೇಳಿ. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ಎಂಬ ಕ್ರಿಪ್ಟೋ ನಾಣ್ಯ ಗ್ರಾಫಿಕ್ಸ್ ಕಾರ್ಡ್ ಬೇಡದ ಪದ್ಧತಿಗೆ ಬದಲಾದ ಮೇಲೆ, ಹಗಲೂ ರಾತ್ರಿ ದುಡಿದು ಸವೆದ ಎಷ್ಟೋ ಕಾರ್ಡುಗಳು ಹಳೆ ಮಾಲಿನ ಮಾರುಕಟ್ಟೆಗೆ ಬಂದವು. ಕೊಳ್ಳುವ ಮುಂಚೆ ಅರ್ಧ ಗಂಟೆ ಭಾರದ ಕೆಲಸ ಕೊಟ್ಟು ಓಡಿಸಿ ನೋಡಿ, ಬರಿ ಡೆಸ್ಕ್‌ಟಾಪ್ ತೋರಿಸಿದರೆ ಒಪ್ಪಬೇಡಿ.

ಆಸ್ಟ್ರೇಲಿಯಾದಲ್ಲಿ ಮಕ್ಕಳಿರುವವರು ಇನ್ನೊಂದು ತಿಳಿದಿರಿ. ಅಲ್ಲಿ 2011ರಿಂದ ಇರುವ ಗ್ರಾಹಕ ಕಾನೂನಿನ ಪ್ರಕಾರ ಅಂಗಡಿಯಿಂದ ಕೊಂಡ ವಸ್ತುವಿನಲ್ಲಿ ದೊಡ್ಡ ದೋಷವಿದ್ದರೆ ಹಣ ವಾಪಸ್ ಬೇಕೋ ಬದಲಿ ಬೇಕೋ ಎಂದು ಆರಿಸುವ ಹಕ್ಕು ಗ್ರಾಹಕನದ್ದು. ಅಂಗಡಿ ಹಳೆ ಮಾಲು ಮಾರಿದರೂ, ಅದರ ವಯಸ್ಸು ಬೆಲೆ ನೋಡಿಕೊಂಡು, ಆ ರಕ್ಷಣೆ ಇದೆ. ಮನೆಯಿಂದ ಮಾರುವ ಖಾಸಗಿ ವ್ಯಕ್ತಿಯಿಂದ ಕೊಂಡರೆ ಗುಣಮಟ್ಟದ ಆ ಭರವಸೆ ಇಲ್ಲ. ಮಗಳಿಗೆ ಮಾರಿದವ ಫೋನ್ ಎತ್ತದೆ ಇದ್ದದ್ದು ಇದೇ ಧೈರ್ಯದಿಂದ ಎಂದು ನಾವು ಬೈದುಕೊಂಡಿದ್ದೆವು. ಆದರೆ ಕಾರ್ಡ್ ಸಡಿಲಾದದ್ದು ನಮ್ಮ ಅಕ್ಕಿ ಚೀಲದಿಂದಲೂ ಇರಬಹುದು.

ಲ್ಯಾಪ್‌ಟಾಪ್ ಇದ್ದವರಿಗೆ ಈ ಕಾರ್ಡ್ ತೆಗೆಯುವ ಉಪಾಯ ನಡೆಯದು. ಅದರಲ್ಲಿ ಚಿಪ್ಪನ್ನು ಸಾಮಾನ್ಯವಾಗಿ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಡ್ರೈವರ್, ಧೂಳು, ಬಿಸಿ, ಇಷ್ಟನ್ನು ನೋಡಿ, ಆಮೇಲೆ ರಿಪೇರಿಯವನ ಹತ್ತಿರ ಹೋಗಿ. ಬೋರ್ಡನ್ನು ಓವನ್ನಿನಲ್ಲಿಟ್ಟು ಬಿಸಿ ಮಾಡಿದರೆ ಸರಿಯಾಗುತ್ತದೆ ಎಂದು ತೋರಿಸುವ ವಿಡಿಯೋ ನೋಡಿ ಮರುಳಾಗಬೇಡಿ. ರೊಟ್ಟಿ ಬೇಯಿಸುವ ಓವನ್ನಿನಲ್ಲಿ ಸೀಸ, ಪ್ಲಾಸ್ಟಿಕ್ಕಿನ ಹೊಗೆ ಬೇಡ. ಇನ್ನೊಂದು ವಿಷಯ: ವಿಂಡೋಸ್ 11ರಲ್ಲಿ 2025ರಿಂದ ಆ ಪರದೆ ನೀಲಿಯಲ್ಲ, ಕಪ್ಪು. ಸ್ಟಾಪ್ ಕೋಡ್ ಅದರಲ್ಲೂ ಇರುತ್ತದೆ, ಫೋಟೋ ಹೊಡೆದುಕೊಳ್ಳಿ.

ಈ ಜೂನಿನಲ್ಲಿ ರಜೆಗೆ ಮಗಳು ಇಲ್ಲಿಗೆ ಬಂದಿದ್ದಳು. ಬಂದ ಮೂರನೇ ದಿನ ನಮ್ಮ ಮನೆಯ ಹಳೆ ಕಂಪ್ಯೂಟರ್ ಭರ್ ಎಂದು ಶಬ್ದ ಮಾಡುವುದು ಕೇಳಿ, ಪ್ಲಗ್ ಕಿತ್ತು ಮುಚ್ಚಳ ತೆಗೆದಳು. ಒಳಗೆ ಇದ್ದದ್ದನ್ನು ಹಳೆ ಪೇಪರಿನ ಮೇಲೆ ಕೊಡವಿ ಅಮ್ಮನಿಗೆ ತೋರಿಸಿದಳು. ಆಮೇಲೆ ನಮ್ಮ ಕಡೆ ತಿರುಗಿ, "ಇದನ್ನು ಕೊನೆಗೆ ಕ್ಲೀನ್ ಮಾಡಿದ್ದು ಯಾವಾಗ ಅಪ್ಪಾ?" ಎಂದು ಕೇಳಿದಳು. ನಾವು ಲೆಕ್ಕ ಹಾಕುತ್ತಾ ನಿಂತೆವು.